ಕೇಬಲ್ ಲೂಸ್ ಇತ್ತ್ರಿ

ನಮ್ಮ ಆಫೀಸಿನಲ್ಲಿ ಈಗ ಲ್ಯಾಪ್‌ಟಾಪ್ ಕೈಕೊಟ್ಟರೆ ಮನುಷ್ಯರು ಬರುವುದಿಲ್ಲ, ಒಂದು ನಂಬರ್ ಬರುತ್ತದೆ. ಹೋದ ಸೋಮವಾರ ಮೀಟಿಂಗ್ ಕೋಣೆಯ ದೊಡ್ಡ ಮಾನಿಟರ್‌ಗೆ ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಪರದೆಯ ಮೇಲೆ ‘ನೋ ಸಿಗ್ನಲ್’ ಎಂಬ ಅಕ್ಷರ ಬಿಟ್ಟರೆ ಬೇರೇನೂ ಮೂಡಲಿಲ್ಲ. ದೂರು ಕಳಿಸಿದೆ, ನಂಬರ್ ಬಂತು. ಎರಡು ಗಂಟೆ ಬಿಟ್ಟು ಫೋನೂ ಬಂತು. ಎಲ್ಲೋ ದೂರದಲ್ಲಿ ಕುಳಿತ ಹುಡುಗಿಯೊಬ್ಬಳು, ‘ಸರ್, ನೀವು ಯಾವ ಬಟನ್ ಒತ್ತಿದಿರಿ?’ ಎಂದು ಹಿಂದಿಯಲ್ಲಿ ಆರು ಸಲ ಕೇಳಿದಳು. ಆರನೆಯ ಸಲ ನನಗೆ ರೇಗಿತು. ನಾನೇ ಕಳ್ಳ ಎನ್ನುವ ಹಾಗೆ ಕೇಳುತ್ತಾಳಲ್ಲ ಎಂದು ಫೋನ್ ಕುಕ್ಕಿದೆ. ಕುಕ್ಕಿದ ಮೇಲೆ ಆ ಎ.ಸಿ. ಕೋಣೆಯಲ್ಲಿ ಒಬ್ಬನೇ ಕುಳಿತು ಬೆವರಿದೆ. ಯಾಕೆಂದರೆ ಆ ಪ್ರಶ್ನೆಯನ್ನು ಹದಿಮೂರು ವರ್ಷ ನಮ್ಮಲ್ಲಿ ಯಾರನ್ನೂ ಒಮ್ಮೆಯೂ ಕೇಳದೆ ಕೆಲಸ ಮಾಡಿದವರೊಬ್ಬರು ಇದೇ ಆಫೀಸಿನಲ್ಲಿದ್ದರು.

ಅವರ ಹೆಸರು ಬರೆಯುವುದಿಲ್ಲ. ಆ ಹೆಸರನ್ನು ನಾನು ಒಮ್ಮೆ ಒಂದು ಕಾಗದದಲ್ಲಿ ಬರೆದದ್ದೇ ಸಾಕು, ಇನ್ನೊಮ್ಮೆ ಬರೆಯುವ ಯೋಗ್ಯತೆ ನನಗಿಲ್ಲ. ಆಫೀಸಿನವರು ಅವರನ್ನು ‘ಸಿಸ್ಟಮ್‌ವಾಲಾ’ ಎನ್ನುತ್ತಿದ್ದರು. ನಾನು ‘ಮಾಸ್ತ್ರೇ’ ಎನ್ನುತ್ತಿದ್ದೆ. ಅವರು ಎಲ್ಲಿಯೂ ಪಾಠ ಹೇಳಿದವರಲ್ಲ. ಆದರೆ ಮೂಗಿನ ತುದಿಗೆ ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು, ಅಗಲ ಪಟ್ಟಿಯ ಅಂಗಿ ಎಲ್ಲ ಸೇರಿ ಹಾಗೆ ಕಾಣುತ್ತಿದ್ದರು. ವಿಜಯಪುರದ ಕಡೆಯವರು, ಮುಂಬೈಯ ಮುಲುಂಡಿನಲ್ಲಿ ಮನೆ. ನಮ್ಮದು ಹಡಗಿನ ಸರಕು ಸಾಗಿಸುವ ಕಂಪನಿ, ಫೋರ್ಟಿನ ಹಳೇ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಬಾಂದ್ರಾದಲ್ಲಿ ಒಂದು ಸಣ್ಣ ಶಾಖೆ. ಎರಡೂ ಕಡೆಯ ಕಂಪ್ಯೂಟರುಗಳಿಗೆ ಅವರೊಬ್ಬರೇ ವೈದ್ಯರು. ಆದರೆ ಕಂಪನಿಯ ನೌಕರರಲ್ಲ, ವರ್ಷ ವರ್ಷವೂ ನವೀಕರಿಸುವ ಗುತ್ತಿಗೆ. ನಾನು ಆಡಳಿತ ವಿಭಾಗದವನು, ಕಾಗದ ಪತ್ರ ಬರೆಯುವವನು. ಆ ಗುತ್ತಿಗೆಯ ಕಾಗದ ಪ್ರತಿ ವರ್ಷ ನನ್ನ ಮೇಜಿನ ಮೇಲೆಯೇ ಬರುತ್ತಿತ್ತು.

ನಾನು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಮೇಜಿನ ಕೆಳಗಿನಿಂದ ಒಂದು ತಲೆ ಮೇಲೆದ್ದು, “ಉಡುಪಿ ಕಡೆಯವರೇನ್ರಿ?” ಎಂದದ್ದು ನಮ್ಮ ಮೊದಲ ಪರಿಚಯ. ತಂತಿ ನೋಡಲು ಕೆಳಗೆ ಕುಳಿತಿದ್ದರು, ನಾನು ಗಮನಿಸಿರಲಿಲ್ಲ.

“ಹೌದು. ನಿಮಗೆ ಹೇಗೆ ಗೊತ್ತಾಯಿತು?”

“ಅಲ್ರೀ, ತಂಗಿಗೆ ಬೈಯೋದೂ ಪುಸ್ತಕ ಓದಿದಂಗ ಬೈತೀರಲ್ರಿ!”

“ನಿಮ್ಮದು ಕೇಳಿದರೆ ಕುಶಲ ವಿಚಾರಿಸಿದರೂ ಜಗಳಕ್ಕೆ ಬಂದಿರೋ ಅಂತ ಹೆದರಿಕೆ ಆಗ್ತದೆ ಮಾರಾಯ್ರೆ,” ಎಂದೆ. ಅಂಗಿಯ ಧೂಳು ಕೊಡವಿಕೊಂಡು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ನಾನು ಅವರಿಗೆ ‘ಉಡುಪಿ ಸಾಹೇಬ್ರು’.

ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ಹಿಂದಿನ ಗಲ್ಲಿಯ ಉಡುಪಿ ಹೋಟೆಲಿಗೆ ಹೋಗುತ್ತಿದ್ದೆವು. ಹೋಟೆಲಿನ ಮಾಲೀಕರು ನನ್ನ ಪರಿಚಯದವರಾದ್ದರಿಂದ ಮಾಸ್ತರರು ತಮ್ಮ ಡಬ್ಬಿ ಬಿಚ್ಚಿದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ. ಮಜ್ಜಿಗೆ ಮಾತ್ರ ಹೋಟೆಲಿನದು. ನನ್ನ ತಟ್ಟೆಯ ಕಡೆ ನೋಡಿ, “ಸಾಂಬಾರಕ್ಕ ಬೆಲ್ಲಾ ಹಾಕೋ ಮಂದಿನ್ನ ಹ್ಯಾಂಗ ನಂಬೂದ್ರಿ?” ಎಂದು ದಿನಾ ಒಂದು ಸಲ ಹೇಳದಿದ್ದರೆ ಅವರಿಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಅವರು ದೇವರಂಥವರು ಎಂದು ಬರೆದು ಕೈತೊಳೆದುಕೊಳ್ಳುವುದು ನನಗೆ ಬೇಡ. ಬಿಂಕದ ಮನುಷ್ಯ. ಹೊಸದಾಗಿ ಕಲಿತು ಬಂದ ಹುಡುಗರ ಹೆಸರೆತ್ತಿದರೆ ಮುಖ ಕಿವುಚುತ್ತಿದ್ದರು. ತಂಬಾಕು ತಿನ್ನುತ್ತಿದ್ದರು, ಅದಕ್ಕಾಗಿ ಮೆಟ್ಟಿಲ ಮೂಲೆಯ ಕಿಟಕಿಗೆ ಗಳಿಗೆಗೊಮ್ಮೆ ಹೋಗುತ್ತಿದ್ದರು. ತಮ್ಮ ವಿದ್ಯೆಯನ್ನು ಯಾರಿಗೂ ಹೇಳಿಕೊಡುತ್ತಿರಲಿಲ್ಲ. “ಎಲ್ಲಾರೂ ಕಲತ್ರ ನನ್ನ ಯಾರು ಕರೀತಾರ್ರಿ?” ಎನ್ನುವಷ್ಟು ಪ್ರಾಮಾಣಿಕತೆಯೂ ಇತ್ತು.

ಆದರೆ ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು. ಲ್ಯಾಪ್‌ಟಾಪ್ ಮಾನಿಟರ್‌ಗೆ ಹತ್ತುತ್ತಿಲ್ಲ ಎಂದು ಕರೆದರೆ ಬೇರೆಯವರಾದರೆ ನೇರ ಲ್ಯಾಪ್‌ಟಾಪಿಗೇ ಕೈಹಾಕುತ್ತಾರೆ. ಇವರು ಅದರ ಕಡೆ ನೋಡುತ್ತಲೂ ಇರಲಿಲ್ಲ. ಹೆಗಲ ಮೇಲೆ ಒಂದು ಕೇಬಲ್ ಇಳಿಬಿಟ್ಟುಕೊಂಡು ಮೊದಲು ಗೋಡೆಯ ಹತ್ತಿರ ಹೋಗುವುದು. ಸ್ವಿಚ್ ಹಾಕಿದೆಯೇ? ಅಲ್ಲಿಂದ ಮಾನಿಟರ್. ದೀಪ ಉರಿಯುತ್ತಿದೆಯೇ, ಯಾವ ಬಣ್ಣ? ಅಲ್ಲಿಂದ ಕೇಬಲ್ಲಿನ ಒಂದು ತುದಿ, ಆಮೇಲೆ ಇನ್ನೊಂದು ತುದಿ. ತೆಗೆದು, ಊದಿ, ಬೆರಳಿನಿಂದ ಸವರಿ ಮತ್ತೆ ಸಿಕ್ಕಿಸುವುದು. ಕೊನೆಗೆ ಲ್ಯಾಪ್‌ಟಾಪಿನ ಮುಂದೆ ನಿಂತು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅದರ ಯಜಮಾನರನ್ನು ಕೇಳುವುದು: “ಮುಟ್ಲೇನ್ರಿ?” ಹಿಂದಿಯವರಿಗೆ ಹಿಂದಿಯಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ. ಯಜಮಾನರು ಪಾಸ್‌ವರ್ಡ್ ಹೊಡೆಯುವಾಗ ಇವರು ಪೂರ್ತಿ ಬೆನ್ನು ತಿರುಗಿಸಿ, ಕಿಟಕಿಯ ಹೊರಗೆ ಏನೋ ದೊಡ್ಡ ಸಂಗತಿ ನಡೆದಿದೆ ಎಂಬಂತೆ ನಿಲ್ಲುತ್ತಿದ್ದರು.

“ಗ್ವಾಡಿಯಿಂದ ಸುರು ಮಾಡಬೇಕ್ರಿ,” ಎಂದು ನನಗೊಮ್ಮೆ ಹೇಳಿದ್ದರು. “ಎಲ್ಲಾರೂ ತೆಲಿಯಿಂದ ಸುರು ಮಾಡ್ತಾರ. ತೆಲ್ಯಾಗ ಏನೂ ಆಗಿರೂದಿಲ್ರಿ.”

ಕೆಲಸ ಮುಗಿದ ಮೇಲೆ ಅವರು ಹೇಳುವುದು ಒಂದೇ ಮಾತು. ಕೇಬಲ್ ಲೂಸ್ ಇತ್ತು.

ಅಕೌಂಟ್ಸಿನಲ್ಲಿ ಒಬ್ಬ ಮರಾಠಿ ಹೆಂಗಸಿದ್ದರು, ಗಂಡ ಸತ್ತ ಮೇಲೆ ಅವನ ಕೆಲಸಕ್ಕೆ ಬಂದವರು. ಒಂದು ದಿನ ಏನೋ ಒತ್ತಿ, ಚಿತ್ರವೆಲ್ಲ ಹೊರಗಿನ ಮಾನಿಟರ್‌ಗೆ ಹೋಗುವ ಹಾಗೆ ಮಾಡಿಕೊಂಡಿದ್ದರು, ಹೊರಗಿನ ಮಾನಿಟರ್ ಆಫ್ ಆಗಿತ್ತು. ಲ್ಯಾಪ್‌ಟಾಪ್ ಪರದೆ ಕಪ್ಪು. ಕೆಲಸ ಹೋಯಿತೆಂದೇ ಅಳುತ್ತಾ ಕುಳಿತಿದ್ದರು. ಇವರು ಬಂದು ಎರಡು ಕೀಲಿ ಒತ್ತಿ ಸರಿಮಾಡಿ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, “ಕಾಹೀ ನಾಹೀ ತಾಈ, ಕೇಬಲ್ ಸೈಲ್ ಹೋತೀ,” ಎಂದರು. ಏನೂ ಇಲ್ಲ ಅಕ್ಕಾ, ಕೇಬಲ್ ಸಡಿಲ ಇತ್ತು. ಆಕೆ ಕಣ್ಣೊರೆಸಿಕೊಂಡು ಕೇಬಲ್ಲಿಗೆ ಎರಡು ಬೈದರು. ಇನ್ನೊಮ್ಮೆ ನಮ್ಮ ದೊಡ್ಡ ಸಾಹೇಬರೇ, ಅಂದರೆ ಆಫೀಸಿನ ಮುಖ್ಯಸ್ಥರೇ, ಮಾನಿಟರ್‌ನ ವೈರನ್ನು ಕಾಲಿನಿಂದ ಎಳೆದು ಕಿತ್ತು, ಅರ್ಧ ಗಂಟೆ ಎಲ್ಲರ ಮೇಲೆ ಕೂಗಾಡಿದ್ದರು. ಅದೂ ಕೇಬಲ್ಲಿನ ತಪ್ಪೇ ಆಯಿತು.

ಇದನ್ನೆಲ್ಲ ಬರೆದಿಡಲು ಒಂದು ರಿಜಿಸ್ಟರ್ ಇತ್ತು. ಯಾರ ದೂರು, ಏನು ದೂರು, ಕಾರಣವೇನು, ಕೆಳಗೆ ಸಹಿ. ಕಾರಣದ ಜಾಗದಲ್ಲಿ ಪುಟಗಟ್ಟಲೆ ಅದೇ ಬರಹ, ಅದೇ ದುಂಡು ಇಂಗ್ಲಿಷ್ ಅಕ್ಷರಗಳಲ್ಲಿ. ಒಂದು ದಿನ ಊಟದ ಹೊತ್ತಿಗೆ ಕೇಳಿಯೇಬಿಟ್ಟೆ.

“ಅಲ್ಲ ಮಾಸ್ತ್ರೇ, ಈ ಮುಂಬೈಯ ಕೇಬಲ್ ಎಲ್ಲ ನಿಮ್ಮ ಕೈಯಲ್ಲೇ ಸಡಿಲ ಆಗುವುದಾ?”

ರೊಟ್ಟಿ ಮುರಿಯುತ್ತಾ ಅವರು ನಕ್ಕರು. “ಖರೇ ಬರದ್ರ ಆ ತಾಯಿ ನಾಳೆ ಮಾರಿ ಎತ್ತಿ ಅಡ್ಯಾಡ್ತಾಳೇನ್ರಿ? ಕೇಬಲ್‌ಗೆ ಏನ್ ಮಾನಾ ಹೋಗತೈತಿ? ಅದು ಬೈಸ್ಕೊಂಡು ಸುಮ್ಮನಿರತೈತಿ.”

ನನ್ನ ತಪ್ಪುಗಳೂ ಆ ರಿಜಿಸ್ಟರ್‌ನಲ್ಲಿ ಹಾಗೆಯೇ ಮುಚ್ಚಿಹೋಗಿದ್ದವು. ನಾಲ್ಕೋ ಐದೋ. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ತಪ್ಪಿಸಿಕೊಳ್ಳಲೆಂದೇ ಸುತ್ತು ಹೊಡೆದೆನೋ ಏನೋ.

ಮೀಟಿಂಗ್ ಕೋಣೆಯ ಮಾನಿಟರ್‌ನ ಹಿಂದೆ ಎರಡು ಕಿಂಡಿಗಳಿದ್ದವು. ಒಂದಕ್ಕೆ ಲ್ಯಾಪ್‌ಟಾಪಿನ ಕೇಬಲ್, ಇನ್ನೊಂದಕ್ಕೆ ಟಿ.ವಿ.ಯ ಸೆಟ್‌ಟಾಪ್ ಬಾಕ್ಸ್. ಯಾವುದರ ಚಿತ್ರ ಬೇಕೆಂದು ಮಾನಿಟರ್‌ನ ಹಿಂಬದಿಯ ಸಣ್ಣ ಗುಂಡಿಯೊಂದನ್ನು ಒತ್ತಿ ಹೇಳಬೇಕು. ಒಂದು ಸಂಜೆ ಆಫೀಸು ಬಿಟ್ಟ ಮೇಲೆ ನಾನೂ ಇನ್ನಿಬ್ಬರೂ ಆ ಗುಂಡಿ ಒತ್ತಿ ಕ್ರಿಕೆಟ್ ನೋಡಿದೆವು. ಒತ್ತಿದವನು ನಾನು. ಮ್ಯಾಚ್ ಸೋತ ಬೇಸರದಲ್ಲಿ ಎದ್ದು, ಬಾಕ್ಸ್ ಆರಿಸಿ ಲೋಕಲ್ ರೈಲು ಹಿಡಿಯಲು ಓಡಿದೆವು, ಗುಂಡಿ ಮಾತ್ರ ಹಾಗೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ದೊಡ್ಡ ಗಿರಾಕಿಯೊಬ್ಬರ ಕಡೆಯಿಂದ ಐದು ಜನ ಬಂದಿದ್ದರು. ವರ್ಷದ ದೊಡ್ಡ ಕೆಲಸ ಅವರಿಂದ ಸಿಗಬೇಕಾಗಿತ್ತು. ಸಾಹೇಬರು ಲ್ಯಾಪ್‌ಟಾಪ್ ಸಿಕ್ಕಿಸಿದರು. ನೋ ಸಿಗ್ನಲ್. ಕಿತ್ತು ಸಿಕ್ಕಿಸಿದರು, ಆಫ್ ಮಾಡಿ ಆನ್ ಮಾಡಿದರು, ಬೇರೆ ಲ್ಯಾಪ್‌ಟಾಪ್ ತರಿಸಿದರು. ನೋ ಸಿಗ್ನಲ್. ಮಾಸ್ತರರು ಆ ಹೊತ್ತಿಗೆ ಬಾಂದ್ರಾದ ಶಾಖೆಯಲ್ಲಿದ್ದರು. ಫೋನ್ ಮಾಡಿದ್ದಕ್ಕೆ ಹೊರಟೆ ಎಂದರು. ಬಾಂದ್ರಾದಿಂದ ಚರ್ಚ್‌ಗೇಟ್, ಅಲ್ಲಿಂದ ನಡೆದುಕೊಂಡು ಫೋರ್ಟ್. ಅಷ್ಟೂ ಹೊತ್ತು ನಾನು ಆ ಕೋಣೆಯ ಬಾಗಿಲಲ್ಲೇ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದೆ. ಮಾನಿಟರ್ ನನ್ನಿಂದ ನಾಲ್ಕು ಹೆಜ್ಜೆ. ನನಗೆ ನೆನಪಾಗಲಿಲ್ಲ ಎಂದು ಆಮೇಲೆ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಎರಡನೆಯ ಲ್ಯಾಪ್‌ಟಾಪ್ ಬರುವಷ್ಟರಲ್ಲಿ ನೆನಪಾಗಿತ್ತು. ಈಗ ಹೋಗಿ ಗುಂಡಿ ಒತ್ತಿದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಸಾಹೇಬರು ಕೇಳುತ್ತಾರೆ ಎಂಬ ಹೆದರಿಕೆ. ಹಾಳಾದ ಹೆದರಿಕೆ!

ಬಂದವರು ಲ್ಯಾಪ್‌ಟಾಪಿನ ಸಣ್ಣ ಪರದೆಗೇ ತಲೆಗೆ ತಲೆ ತಾಗಿಸಿಕೊಂಡು ಹತ್ತು ನಿಮಿಷ ನೋಡಿದರು. ಬೇರೆ ಕಡೆ ಹೋಗಬೇಕೆಂದು ಎದ್ದು ಹೋದರು. ಅವರು ಮೆಟ್ಟಿಲಿಳಿಯುವಾಗ ಮಾಸ್ತರರು ಏದುಸಿರು ಬಿಡುತ್ತಾ ಹತ್ತುತ್ತಿದ್ದರು.

ಆಗಲೂ ಅವರು ಗೋಡೆಯಿಂದಲೇ ಶುರು ಮಾಡಿದರು. ಸಾಹೇಬರು ಹಲ್ಲು ಕಡಿಯುತ್ತಾ ನಿಂತಿದ್ದರು. ಸ್ವಿಚ್, ದೀಪ, ಕೇಬಲ್ಲಿನ ಒಂದು ತುದಿ. ಇನ್ನೊಂದು ತುದಿಗೆಂದು ಮಾನಿಟರ್‌ನ ಹಿಂದೆ ಬಗ್ಗಿದವರು ಕೈ ಅಲ್ಲಿಯೇ ನಿಲ್ಲಿಸಿ, ಗುಂಡಿ ಒತ್ತಿದರು. ಚಿತ್ರ ಬಂತು. ತಲೆಯೆತ್ತಿ ಕೋಣೆಯಲ್ಲಿದ್ದವರನ್ನೆಲ್ಲ ಒಂದು ಸುತ್ತು ನೋಡಿದರು. ಮುಂಚಿನ ದಿನ ಆ ಕೋಣೆಯಲ್ಲೇ ನೋಡಿದ ಮ್ಯಾಚಿನ ವಿಷಯ ಬೆಳಿಗ್ಗೆ ನಾನೇ ಅವರಿಗೆ ಫೋನಿನಲ್ಲಿ ವರ್ಣಿಸಿದ್ದೆ. ಅವರ ಕಣ್ಣು ನನ್ನ ಮೇಲೆ ನಿಂತಿತು, ಮತ್ತೆ ಸಾಹೇಬರ ಕಡೆ ಹೋಯಿತು.

“ಕೇಬಲ್ ಲೂಸ್ ಥಾ, ಸರ್.”

“ಫಿರ್ ಸೇ ಲೂಸ್?” ಸಾಹೇಬರು ಕಿರುಚಿದರು. “ಹರ್ ಬಾರ್ ಲೂಸ್? ತೋ ತುಮ್ ಕರ್ತೇ ಕ್ಯಾ ಹೋ ಯಹಾಂ? ರಿಜಿಸ್ಟರ್ ಲಾವ್!”

ಪ್ರತಿ ಸಲವೂ ಸಡಿಲವಾದರೆ ನೀನಿಲ್ಲಿ ಮಾಡುವುದೇನು, ರಿಜಿಸ್ಟರ್ ತಾ ಎಂದರು. ತಂದುಕೊಟ್ಟವನು ನಾನು. ಸಾಹೇಬರು ಪುಟ ತಿರುವಿದರು. ತಿರುವಿದಷ್ಟೂ ಅದೇ ಕಾರಣ, ಅವರದೇ ಸಹಿ. ಕೇಬಲ್ ಬಿಗಿ ಮಾಡಲು ಬಾರದ ಮನುಷ್ಯನನ್ನು ಹದಿಮೂರು ವರ್ಷ ಸಾಕಿದೆವು ಎಂದರು. ಎಲ್ಲರ ಮಾನ ಮುಚ್ಚಲು ಹೊದಿಸಿದ ಮಾತೇ ಅವರ ಕೊರಳಿಗೆ ಬಂತು.

ಗುತ್ತಿಗೆ ಮುಗಿಸುವ ಕಾಗದ ಬರೆಯುವ ಕೆಲಸ ನನಗೆ ಬಂತು. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಆಫೀಸಿನಲ್ಲಿ ಹೆಸರು. ರಿಜಿಸ್ಟರ್ ನೋಡಿ, ತಾರೀಖಿನ ಪ್ರಕಾರ ಒಂದೊಂದಾಗಿ ಪಟ್ಟಿ ಮಾಡಿದೆ. ಆ ಮರಾಠಿ ತಾಯಿಯದು, ಸಾಹೇಬರ ಕಾಲಿಗೆ ಸಿಕ್ಕಿದ್ದು, ನನ್ನವು. ನನ್ನ ತಪ್ಪುಗಳನ್ನು ನಾನೇ ಅವರ ಲೆಕ್ಕಕ್ಕೆ ಸೇರಿಸಿ, ‘ಪದೇ ಪದೇ ಕಂಡುಬಂದ ನಿರ್ಲಕ್ಷ್ಯ’ ಎಂದು ಷರಾ ಬರೆದೆ. ಸಾಹೇಬರು ಓದಿ, ‘ವೆರಿ ಗುಡ್’ ಎಂದರು.

ಮಾಸ್ತರರು ಅದನ್ನು ನನ್ನ ಮೇಜಿನ ಮುಂದೆ ನಿಂತೇ ಓದಿದರು. ಕೂತುಕೊಳ್ಳಿ ಎಂದೆ, ಕೂರಲಿಲ್ಲ. ಎರಡು ಸಲ ಓದಿದರು.

“ನೀವ ಬರದದ್ದೇನ್ರಿ?”

“ಸಾಹೇಬರು ಹೇಳಿದ್ದು ಮಾಸ್ತ್ರೇ. ನಾನು ಎಂತ ಮಾಡುವುದು, ನೀವೇ ಹೇಳಿ.”

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಏರಲಿಲ್ಲ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. “ನಾ ನಿಮ್ಮ ಮಾನಾ ಉಳಿಸಿನ್ರಿ. ನೀವು ನನ್ನ ಹೊಟ್ಟಿ ಉಳಸ್ಬೇಕಿತ್ರಿ. ಒಂದ ಮಾತು. ಗುಂಡಿ ನಾ ಒತ್ತಿದ್ದೆ ಅಂದಿದ್ರ ನಿಮ್ಮನ್ನೇನು ಗಲ್ಲಿಗೆ ಹಾಕ್ತಿದ್ರೇನ್ರಿ?”

ಹಾಕುತ್ತಿರಲಿಲ್ಲ. ನಾನು ಖಾಯಂ ನೌಕರ. ಹೆಚ್ಚೆಂದರೆ ನಾಲ್ಕು ಬೈಗುಳ ತಿಂದು ಸಂಜೆ ಮನೆಗೆ ಹೋಗುತ್ತಿದ್ದೆ. ಅವರಿಗೆ ಐವತ್ತಮೂರು, ಆ ವಯಸ್ಸಿನ ಸಿಸ್ಟಮ್‌ವಾಲಾನನ್ನು ಈ ಊರಿನಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ?

ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಕಟ್ಟಡದ ಕೆಳಗೆ ನನಗಾಗಿ ಕಾಯುತ್ತಿದ್ದರು. ಮೇಲೆ ಬರಲು ವಾಚ್‌ಮನ್ ಬಿಟ್ಟಿರಲಿಲ್ಲ. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿದ್ದರು. ಸಿಟ್ಟು ನುಂಗಿಕೊಂಡು ಬಂದಿದ್ದಾರೆ ಎಂದು ಮುಖದಲ್ಲೇ ಕಾಣುತ್ತಿತ್ತು. ಠಾಣೆಯ ಕಡೆ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಕೆಲಸ ಇದೆ, ಎಲ್ಲ ಮಾತು ಮುಗಿದಿದೆ, ಹಿಂದಿನ ಆಫೀಸಿನವರೊಬ್ಬರ ಹತ್ತಿರ ವಿಚಾರಿಸುತ್ತೇವೆ ಎಂದಿದ್ದಾರೆ.

“ನಿಮ್ಮ ನಂಬರ್ ಕೊಟ್ಟೀನ್ರಿ. ಬ್ಯಾರೆ ಯಾರ್ದು ಕೊಡ್ಲಿ? ಹೊಗಳಬ್ಯಾಡ್ರಿ. ಕೆಲಸ ಗೊತ್ತಿರೋ ಮನುಷ್ಯಾ ಅಂತ ಅಷ್ಟ ಹೇಳ್ರಿ.”

“ಇದನ್ನು ಕೇಳಬೇಕಾ ಮಾಸ್ತ್ರೇ! ಖಂಡಿತ ಹೇಳುತ್ತೇನೆ,” ಎಂದೆ. ಅವರ ಕೈ ಹಿಡಿದುಕೊಂಡೇ ಹೇಳಿದೆ. ಆ ಕ್ಷಣಕ್ಕೆ ನನ್ನ ಎದೆಯ ಭಾರ ಎಷ್ಟೋ ಇಳಿದಿತ್ತು.

ಫೋನ್ ಬಂದಾಗ ಸಾಹೇಬರು ನನ್ನ ಮೇಜಿನ ಪಕ್ಕದಲ್ಲೇ ನಿಂತು ಯಾವುದೋ ಫೈಲು ನೋಡುತ್ತಿದ್ದರು. ಶಾಲೆಯ ಹೆಂಗಸು ಬಹಳ ಮರ್ಯಾದೆಯಿಂದ ಕೇಳಿದರು. ಅವರು ಹೇಗೆ ಕೆಲಸ ಮಾಡುತ್ತಿದ್ದರು? ಯಾಕೆ ಬಿಟ್ಟರು? ನಾನು ಮಾಸ್ತರರ ಹೆಸರು ಹೇಳಿದ್ದೇ ತಡ ಸಾಹೇಬರು ಫೈಲಿನಿಂದ ತಲೆ ಎತ್ತಿದರು. ನನ್ನ ಬಾಯಿಂದ ಬಂದ ಉತ್ತರ ಇದು: ‘ಆ ಬಗ್ಗೆ ಹೇಳಲು ನನಗೆ ಅಧಿಕಾರವಿಲ್ಲ. ಅವರಿಗೆ ಕೊಟ್ಟ ಪತ್ರದಲ್ಲಿ ಕಾರಣ ಇದೆ.’ ಆಕೆ ‘ಅರ್ಥವಾಯಿತು’ ಎಂದು ಫೋನ್ ಇಟ್ಟರು. ಅಂಥ ಉತ್ತರಕ್ಕೆ ಏನು ಅರ್ಥ ಎಂದು ಲೋಕಕ್ಕೇ ಗೊತ್ತು.

ಸಾಹೇಬರು ಹೋದ ಮೇಲೆ ತಿರುಗಿ ಫೋನ್ ಮಾಡಬಹುದಿತ್ತು. ನಂಬರ್ ಮೊಬೈಲಿನಲ್ಲೇ ಇತ್ತು. ಊಟದ ಹೊತ್ತಿಗೆ ಮಾಡುತ್ತೇನೆ ಎಂದುಕೊಂಡೆ, ಸಂಜೆಗೆಂದುಕೊಂಡೆ, ನಾಳೆಗೆಂದುಕೊಂಡೆ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ನಾಳೆ ಎಂದವನು ನಾನು, ಹಾಳಾದದ್ದು ಅವರ ಮನೆ.

ಆ ಕೆಲಸ ಅವರಿಗೆ ಸಿಗಲಿಲ್ಲ. ಅವರು ಮತ್ತೆ ಬರಲೂ ಇಲ್ಲ, ಫೋನ್ ಮಾಡಲೂ ಇಲ್ಲ. ಮುಲುಂಡಿನ ಹೌಸಿಂಗ್ ಸೊಸೈಟಿಗಳಲ್ಲಿ ಮನೆ ಮನೆಗೆ ಹೋಗಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾರೆ ಎಂದು ಹೋಟೆಲಿನ ಮಾಲೀಕರ ಬಾಯಿಂದ ಕೇಳಿದೆ. ವರ್ಷ ತುಂಬುವುದರೊಳಗೆ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿ ಹತ್ತುವಾಗ ಎದೆ ಹಿಡಿದುಕೊಂಡು ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ ಎಂಬುದನ್ನೂ ಅವರೇ ಹೇಳಿದರು.

ದಿನಕರ್ಮಗಳೆಲ್ಲ ಮುಗಿದ ಮೇಲಿನ ಭಾನುವಾರ ಮುಲುಂಡಿಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ. ಅವರ ಹೆಂಡತಿಯನ್ನು ನಾನು ಅದೇ ಮೊದಲು ನೋಡಿದ್ದು. ಯಾರೆಂದು ಹೇಳುತ್ತಲೇ ಸೆರಗು ಸರಿಮಾಡಿಕೊಂಡು, “ಉಡುಪಿ ಸಾಹೇಬ್ರೇನ್ರಿ? ಕೂಡ್ರಿ, ಕೂಡ್ರಿ,” ಎಂದು ಕುರ್ಚಿ ಎಳೆದರು. ನನಗಾಗಿ ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ನಾನು ಬಂದವನೇ ಎಲ್ಲ ಹೇಳಿಬಿಡಬೇಕು ಎಂದು ಲೋಕಲ್‌ನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ದಾದರ್ ದಾಟುವಾಗ ಧೈರ್ಯವಿತ್ತು, ಭಾಂಡೂಪಿಗೆ ಬರುವಾಗಲೂ ಇತ್ತು.

ಅವರು ನೆಲದ ಮೇಲೆ ಕುಳಿತುಕೊಂಡರು. ಆಮೇಲೆ ಹೇಳಿದರು, “ಒಂದ ಮಾತು ಕೇಳ್ಲೇನ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಸಾಲಿ ಕೆಲಸ ತಪ್ಪಿದ ಮ್ಯಾಲೆ ಅವರು ಭಾಳ ಮೌನ ಆಗಿಬಿಟ್ರು. ಉಡುಪಿ ಸಾಹೇಬ್ರಿಗೆ ಒಂದ ಫೋನ್ ಹಚ್ಚಿ ಕೇಳ್ರಿ, ಸಾಲ್ಯಾವ್ರು ವಿಚಾರಿಸಿದ್ರೋ ಇಲ್ಲೋ ಅಂತ, ಅಂದೆ. ಬ್ಯಾಡ ಅಂದ್ರು. ವಿಚಾರಿಸ್ಯಾರ, ಇವರು ಹೇಳಿಲ್ಲ, ಕೇಳಿದ್ರ ಸುಳ್ಳು ಹೇಳ್ತಾರ, ಅವರ ಬಾಯಿಲೆ ಸುಳ್ಳು ಯಾಕ ಹೇಳಿಸ್ಲಿ, ಅಂದ್ರು. ಕಡೀತನಕಾ ಅದ ಅವರ ಹೊಟ್ಟ್ಯಾಗಿತ್ರಿ. ನನಗ ಖರೇ ಹೇಳ್ರಿ. ಆ ಫೋನ್ ಬಂದಿತ್ತೇನ್ರಿ?”

ನಾನು ಅವರ ಮುಖ ನೋಡಿದೆ.

“ಇಲ್ಲ ಅಕ್ಕ,” ಎಂದೆ. “ಬರಲೇ ಇಲ್ಲ.”

ಆಕೆಯ ಕಣ್ಣು ತುಂಬಿ ಬಂತು. “ನೋಡ್ರಿ, ನಾ ಅಂದಿದ್ದೆ! ಸುಮ್ಮಸುಮ್ಮನ ನಿಮ್ಮ ಮ್ಯಾಲೆ ಸಂಶೇ ಪಟ್ಟು ಹೋದ್ರು,” ಎಂದು ಎದ್ದು ನಿಂತು, ನನ್ನ ಮುಂದೆ ಎರಡೂ ಕೈ ಜೋಡಿಸಿದರು. “ಅವರ ಪರವಾಗಿ ನಾ ತಪ್ಪಾತು ಅಂತೀನ್ರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

ಇರಲಿ ಬಿಡಿ, ಪರವಾಗಿಲ್ಲ ಎಂದೆ.